ಎರಡನೆಯ ಟಿಕ್

ನಮ್ಮ ಡಾಕ್ಟರಮ್ಮ ನಿವೃತ್ತರಾದರು. ಆಸ್ಪತ್ರೆಯವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ‘ಅವರ ಜೊತೆ ಎಲ್ಲರಿಗಿಂತ ಹೆಚ್ಚು ವರ್ಷ ಕೆಲಸ ಮಾಡಿದವರು ನೀವು, ನಾಲ್ಕು ಪುಟ ಬರೆದುಕೊಡಿ’ ಅಂದರು. ಬರೆಯಲು ಕೂತೆ. ಡಾಕ್ಟರಮ್ಮನ ಬಗ್ಗೆ ಒಂದು ಸಾಲೂ ಬರಲಿಲ್ಲ. ಕಣ್ಣೆದುರು ಬಂದು ಕೂತವಳು ಇವಳು. ಇಲ್ಲಿಗೂ ನುಗ್ಗಿದಳು ನೋಡಿ.

ಹೆಸರು ಬರೆಯುವುದಿಲ್ಲ. ಬರೆದರೆ ಅವಳನ್ನು ಬಲ್ಲವರೆಲ್ಲ ‘ಅಯ್ಯೋ, ಎಂಥಾ ಹುಡುಗಿ’ ಅಂತ ಮತ್ತೆ ಶುರುಮಾಡುತ್ತಾರೆ. ಅದನ್ನು ಕೇಳುವ ಶಕ್ತಿ ನನಗೆ ಈಗಲೂ ಇಲ್ಲ. ಮರ್ಯಾದೆಗೆ ‘ಅವರು’ ಅಂತ ಬರೆಯಬೇಕಿತ್ತೇನೋ. ಆದರೆ ಮನಸ್ಸಿನಲ್ಲಿ ಇಷ್ಟು ವರ್ಷ ‘ಅವಳು’ ಅಂತಲೇ ಬೈದುಕೊಂಡು ಬಂದಿದ್ದೇನೆ. ಈಗ ಬಹುವಚನ ಹಾಕಿದರೆ ಅದೊಂದು ಸುಳ್ಳು ಜಾಸ್ತಿ ಆಗುತ್ತದೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಮಾತು. ಜಯನಗರದ ಒಂದು ಆಸ್ಪತ್ರೆಯ ಮೇಲ್ಮಹಡಿಯಲ್ಲಿ ನಮ್ಮ ಲ್ಯಾಬು ಇತ್ತು. ಲ್ಯಾಬು ಅಂದರೆ ಎರಡು ಕೋಣೆ. ಒಂದರಲ್ಲಿ ಒರಗುವ ಕುರ್ಚಿ, ಇನ್ನೊಂದರಲ್ಲಿ ಕಂಪ್ಯೂಟರು, ನಡುವೆ ಗಾಜಿನ ಕಿಟಕಿ. ಮನಸ್ಸಿನ ಕಾಯಿಲೆಯವರನ್ನೂ ಆರೋಗ್ಯವಾಗಿ ಇರುವವರನ್ನೂ ಕೂರಿಸಿ, ತಲೆಗೆ ಸಣ್ಣ ಲೋಹದ ಬಟ್ಟಲುಗಳನ್ನು ಪೇಸ್ಟಿನಲ್ಲಿ ಅಂಟಿಸಿ, ಮಿದುಳಿನ ಅಲೆಗಳನ್ನು ಬರೆದುಕೊಳ್ಳುವುದು ನಮ್ಮ ಕೆಲಸ. ಯಾಕೆ ಎಂದು ಕೇಳಿದವರಿಗೆ ಡಾಕ್ಟರಮ್ಮ ಒಂದೇ ಮಾತು ಹೇಳುತ್ತಿದ್ದರು.

“ಮನೆ ಬಾಗಿಲು ಯಾರೋ ತಟ್ಟಿದ್ರು ಅನ್ಕೊಳ್ಳಿ. ಮೊದಲನೇ ಸಲ ತಟ್ಟಿದಾಗ ಎದ್ದು ಕೂರ್ತೀರಿ. ತಕ್ಷಣ ಇನ್ನೊಂದ್ ಸಲ ತಟ್ಟಿದ್ರೆ ಬಂದೆ ಇರಿ ಅಂತೀರಿ, ಅಷ್ಟೇ. ಮಿದುಳೂ ಹಾಗೇನೇ. ಕೇಳಿದ್ದನ್ನೇ ಕೇಳಿದ್ರೆ ಸೋಸಿ ಬಿಡತ್ತೆ. ಕೆಲವರ ಮಿದುಳು ಮಾತ್ರ ಪ್ರತೀ ಸಲಾನೂ ಎದ್ದು ಕೂರತ್ತೆ. ಎಷ್ಟು ಸೋಸತ್ತೆ ಅಂತ ಅಳೀತೀವಿ ನಾವು.”

ಹೆಡ್‌ಫೋನಿನಲ್ಲಿ ಒಂದು ಟಿಕ್, ಅರ್ಧ ಸೆಕೆಂಡಿನ ಮೇಲೆ ಇನ್ನೊಂದು ಟಿಕ್. ಆಮೇಲೆ ಸ್ವಲ್ಪ ಹೊತ್ತು ಮೌನ. ಮತ್ತೆ ಟಿಕ್ ಟಿಕ್. ಹೀಗೆ ನೂರಕ್ಕೂ ಹೆಚ್ಚು ಸಲ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಪರದೆಯ ಮೇಲೆ ಎರಡು ಉಬ್ಬು ಕಾಣುತ್ತದೆ. ಸಾಮಾನ್ಯವಾಗಿ ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು. ಕಾಯಿಲೆಯವರ ಗುಂಪಿನಲ್ಲಿ ಎರಡನೆಯದೂ ದೊಡ್ಡದಾಗಿರುವುದು ಹೆಚ್ಚು. ಆದರೆ ಒಬ್ಬರ ಉಬ್ಬು ನೋಡಿ ಅವರ ಬಗ್ಗೆ ಏನೂ ತೀರ್ಮಾನಿಸಬಾರದು, ಇದು ಗುಂಪಿನ ಮಾತು. ಡಾಕ್ಟರಮ್ಮ ನನಗೆ ಕಲಿಸಿದ ಮೊದಲ ಪಾಠ ಅದು.

ನಾನು ಎಂ.ಎಸ್ಸಿ. ಓದಿ ಸೇರಿದ್ದವಳು. ಒಂದು ವರ್ಷ ಲ್ಯಾಬಿಗೆಲ್ಲ ನಾನೊಬ್ಬಳೇ ರಾಣಿ. ಆಮೇಲೆ ಇವಳು ಬಂದಳು. ಬಾಗಲಕೋಟೆ ಕಡೆಯವಳು, ಡಿಪ್ಲೊಮಾ ಓದಿದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಮೊದಲ ದಿನವೇ “ಅಕ್ಕಾರ, ಇಲ್ಲೆ ಎಲ್ಲೆರ ಒಂದು ಖೋಲಿ ಸಿಗತೈತೇನ್ರಿ?” ಅಂದಳು. ನಮ್ಮದು ಬಿಟಿಎಂ ಲೇಔಟ್ ಆಗುವುದಕ್ಕೆ ಮುಂಚೆ ಇದ್ದ ಹಳ್ಳಿಯ ಮನೆ. ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಆ ಹೊತ್ತಿಗೆ ಬಾಡಿಗೆ ರೂಮುಗಳು ಎದ್ದಿದ್ದವು. ನಮ್ಮ ತಲೆಯ ಮೇಲಿನ ರೂಮು ಖಾಲಿ ಇತ್ತು. ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದವಳು ನಾನೇ, ಯಾರನ್ನು ದೂರಲಿ.

ಅವಳು ಬಂದು ತಿಂಗಳಾಗುವಷ್ಟರಲ್ಲಿ ಒಂದು ವಿಷಯ ಎದ್ದು ಕಂಡಿತು. ಅವಳು ತೆಗೆದ ರೆಕಾರ್ಡುಗಳು ಶುದ್ಧವಾಗಿರುತ್ತಿದ್ದವು, ನನ್ನವು ಇರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರು ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅಲೆಗಳೆಲ್ಲ ಕಲಸಿಹೋಗುತ್ತವೆ. ನನ್ನ ಕೈಯಲ್ಲಿ ಕೂತವರು ಮಿಟುಕಿಸುತ್ತಿದ್ದರು, ಕೆಮ್ಮುತ್ತಿದ್ದರು, ‘ಇನ್ನೂ ಎಷ್ಟೊತ್ತು ಮೇಡಂ’ ಅನ್ನುತ್ತಿದ್ದರು. ಅದೇ ಜನ ಅವಳ ಕೈಯಲ್ಲಿ ಕೂತರೆ ಗರ್ಭಗುಡಿಯಲ್ಲಿ ಕೂತವರ ಹಾಗೆ ಇರುತ್ತಿದ್ದರು. ಏನು ಮಾಟ ಮಾಡುತ್ತಾಳೋ ನೋಡೋಣ ಅಂತ ಗಾಜಿನ ಕಿಟಕಿಯಿಂದ ಎಷ್ಟೋ ಸಲ ಕದ್ದು ನೋಡಿದ್ದೇನೆ.

ಮಾಟ ಏನೂ ಇರಲಿಲ್ಲ. ಲೋಹದ ಬಟ್ಟಲುಗಳನ್ನು ಹಚ್ಚುವ ಮೊದಲು ಮುಷ್ಟಿಯಲ್ಲಿ ಹಿಡಿದುಕೊಂಡು ಬೆಚ್ಚಗೆ ಮಾಡುತ್ತಿದ್ದಳು. “ತಣ್ಣಗ ಹತ್ತಿದ್ರ ಜೀವ ಝಲ್ ಅಂತೈತ್ರಿ” ಅನ್ನುತ್ತಿದ್ದಳು. ಕೂದಲು ಬೈತಲೆ ತೆಗೆಯುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು, ಮುಟ್ಲೇನ್ರಿ ಅಂತ. ದಿನಕ್ಕೆ ಐದು ಜನ ಬಂದರೆ ಐದು ಸಲ, ಅದೇ ಮಾತು, ಅದೇ ದನಿ, ಐದನೆಯವರಿಗೂ ಮೊದಲನೆಯವರಿಗೆ ಕೇಳಿದ ಹಾಗೇ. ನಾನು ಮೂರನೆಯವರಿಗೇ ಕೈಸನ್ನೆಯಲ್ಲಿ ಮುಗಿಸುತ್ತಿದ್ದೆ.

“ಅಷ್ಟೊಂದು ಕೇಳ್ತಾ ಕೂತ್ರೆ ಸಂಜೆ ಆಗತ್ತೆ ಕಣೆ” ಅಂದೆ ಒಂದು ದಿನ.

“ತಲಿ ಅಂದ್ರ ಅವರ ಮನಿ ಇದ್ದಂಗ್ರಿ ಅಕ್ಕಾರ. ಕೇಳಿ ಒಳಗ ಹೋಗಬೇಕ್ರಿ” ಅಂದಳು. ಬುದ್ಧಿ ಹೇಳಿದ ದನಿ ಅಲ್ಲ. ಅದಕ್ಕೇ ಇನ್ನೂ ಉರಿಯಿತು.

ಅರೆಕೆರೆಯಿಂದ ಒಬ್ಬ ಅಜ್ಜಿ ಬಂದಿದ್ದಳು. ತಲೆ ಮುಟ್ಟಲು ಬಿಡುವುದಿಲ್ಲ ಅಂತ ಹಟ. ಕರೆಂಟು ಕೊಡುತ್ತಾರೆ ಅಂತ ಯಾರೋ ಹೆದರಿಸಿದ್ದರು. ನಾನು ಅರ್ಧ ಗಂಟೆ ವಿಜ್ಞಾನ ಹೇಳಿದೆ. ಅಜ್ಜಿ ಸೆರಗನ್ನು ತಲೆಯ ಮೇಲೆ ಇನ್ನೂ ಬಿಗಿಯಾಗಿ ಎಳೆದುಕೊಂಡಳು. ಇವಳು ಬಂದು ನೆಲದ ಮೇಲೆ ಕೂತು, ತನ್ನ ಹಣೆಗೇ ಒಂದು ಬಟ್ಟಲು ಅಂಟಿಸಿಕೊಂಡು, “ಆಯೀ, ನನಗ ಒಂದು ಜಡಿ ಹಾಕಿಕೊಡು, ಆಮ್ಯಾಲ ನಾ ನಿನಗ ಹಾಕತೀನಿ” ಅಂದಳು. ಅಜ್ಜಿ ನಿಜವಾಗಿಯೂ ಅವಳಿಗೆ ಜಡೆ ಹೆಣೆದಳು. ಆಮೇಲೆ ಒಂದು ಗಂಟೆ ಅಲ್ಲಾಡದೆ ಕೂತಳು. ಮುಗಿದ ಮೇಲೆ ಇವಳು ಬಿಸಿನೀರಲ್ಲಿ ಆ ಪೇಸ್ಟನ್ನೆಲ್ಲ ತೊಳೆದು, ತಲೆ ಒರೆಸಿ, ತುರುಬು ಕಟ್ಟಿ ಕಳಿಸಿದಳು. ನಾನು ಎಲ್ಲರಿಗೂ ಟಿಶ್ಯೂ ಕೊಟ್ಟು ಬಾಗಿಲು ತೋರಿಸುತ್ತಿದ್ದವಳು.

ಡಾಕ್ಟರಮ್ಮ ಆ ಅಜ್ಜಿಯ ರೆಕಾರ್ಡು ನೋಡಿ ಹೇಳಿದರು, “ಎಷ್ಟು ಕ್ಲೀನಾಗಿದೆ ನೋಡು. ಅವಳ ಹತ್ರ ಕಲಿ ಸ್ವಲ್ಪ.”

ಮನೆಗೆ ಹೋದರೆ ಅಲ್ಲಿಯೂ ಅವಳೇ. ಬೆಳಿಗ್ಗೆ ಆರು ಗಂಟೆಗೆ ಮೇಲಿನ ರೂಮಿನಲ್ಲಿ ರೊಟ್ಟಿ ತಟ್ಟುವ ಸದ್ದು. ತಟ್ ತಟ್ ತಟ್. ಮೊದಲ ವಾರ ಅಮ್ಮ ‘ಏನೇ ಅದು’ ಅಂದಳು. ಎರಡನೆಯ ವಾರ ಅಮ್ಮನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ನನಗೆ ಮಾತ್ರ ಪ್ರತಿ ತಟ್ಟೂ ನೆತ್ತಿಯ ಮೇಲೇ ಬೀಳುತ್ತಿತ್ತು. ಊರಿನ ಸದ್ದನ್ನೆಲ್ಲ ಸೋಸುವ ನನ್ನ ಮಿದುಳು ಅದೊಂದನ್ನು ಬಿಡಲಿಲ್ಲ. ಹೊಟ್ಟೆಕಿಚ್ಚಿಗೆ ಜರಡಿ ಇಲ್ಲ ಅಂತ ಕಾಣುತ್ತದೆ.

ಆ ರೊಟ್ಟಿಯಲ್ಲಿ ಎರಡು ಕೆಳಗೆ ಬರುತ್ತಿದ್ದವು. ಹುಟ್ಟಿದಾಗಿನಿಂದ ಮುದ್ದೆ ತಿಂದ ಅಮ್ಮ ರೊಟ್ಟಿ ಮುರಿದುಕೊಂಡು, “ಪಾಪ, ಎಷ್ಟು ಅಚ್ಚುಕಟ್ಟು ಆ ಹುಡುಗಿ. ನೀನೂ ಇದೀಯ” ಅನ್ನುತ್ತಿದ್ದಳು. ‘ನೀನೂ ಇದೀಯ’ ಅನ್ನುವ ಎರಡು ಶಬ್ದದ ಮುಂದೆ ಯಾವ ಬೈಗುಳವೂ ಏನಲ್ಲ.

ಆ ವರ್ಷ ನಮ್ಮ ಪ್ರಾಜೆಕ್ಟ್ ಮುಗಿಯುತ್ತಿತ್ತು. ಆಮೇಲೆ ಲ್ಯಾಬಿನಲ್ಲಿ ಒಂದೇ ಒಂದು ಕಾಯಂ ಹುದ್ದೆ, ಡಾಕ್ಟರಮ್ಮ ಯಾರ ಹೆಸರು ಬರೆದುಕೊಡುತ್ತಾರೋ ಅವರಿಗೆ. ಅಪ್ಪ ಒಂದು ಭಾನುವಾರ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ ನನಗೆ ಹೇಳಿದರು. “ಕಾಯಂ ಆಯ್ತಾ, ಹೋಗು, ನಾನ್ ಬೇಡ ಅನ್ನಲ್ಲ. ಆಗ್ಲಿಲ್ವಾ, ಸುಮ್ನೆ ಮನೇಲಿರು. ಸುಬ್ರಹ್ಮಣ್ಯಪುರದೋರು ಕೇಳ್ತಾವ್ರೆ, ಮದ್ವೆ ಮುಗ್ಸೋಣ.” ಅಪ್ಪ ಒಂದು ಸಲ ಹೇಳಿದರೆ ಮುಗಿಯಿತು. ನನಗೆ ಆ ಕೆಲಸ ಬಿಟ್ಟರೆ ಬೇರೆ ಬದುಕು ಇರಲಿಲ್ಲ.

ನನ್ನ ಕೈಯಲ್ಲಿ ಇದ್ದ ಒಂದೇ ಗಟ್ಟಿ ಸಂಗತಿ ಅಂದರೆ ಸ್ಪರ್ಶದ ಪ್ರಯೋಗ. ಕಿವಿಗೆ ಟಿಕ್ ಕೇಳಿಸುವ ಬದಲು ಬೆರಳ ತುದಿಗೆ ಒಂದು ಸಣ್ಣ ಕಡ್ಡಿಯಿಂದ ಎರಡು ಸಲ ತಟ್ಟುವುದು, ಮುಟ್ಟಿದ್ದನ್ನು ಮಿದುಳು ಹೇಗೆ ಸೋಸುತ್ತದೆ ಅಂತ ನೋಡುವುದು. ಯಂತ್ರಕ್ಕೆ ನಾವು ಟ್ಯಾಪರ್ ಅನ್ನುತ್ತಿದ್ದೆವು. ಆ ಪ್ರಯೋಗ ಪೂರ್ತಿ ನನ್ನದು. ಆರು ತಿಂಗಳು ಕೂತು ಮಾಡಿದ್ದೆ. ಅಲೆಗಳು ಚೆನ್ನಾಗಿ ಬರುತ್ತಿದ್ದವು. ಡಾಕ್ಟರಮ್ಮ ಖುಷಿಯಾಗಿದ್ದರು.

ಒಂದು ಗುರುವಾರ ಇವಳು ಟ್ಯಾಪರ್ ಪಕ್ಕದಲ್ಲಿ ನಿಂತು ಒಂದು ಬೆರಳು ಮೇಲೆತ್ತಿದಳು. ಏನಾದರೂ ಕೇಳಿಸಿದರೆ ಹಾಗೆ ಬೆರಳೆತ್ತಿ ನಿಂತುಬಿಡುವುದು ಅವಳ ಅಭ್ಯಾಸ. ಪಕ್ಕದ ಕೋಣೆಯ ಯುಪಿಎಸ್ಸು, ಹಲ್ಲಿ, ಮೆಟ್ಟಿಲ ಮೇಲೆ ಬರುವವರ ಚಪ್ಪಲಿ, ಎಲ್ಲ ಅವಳಿಗೇ ಮೊದಲು.

“ಅಕ್ಕಾರ, ಇದು ಬಡಿಯೋ ಮುಂದ ಸಪ್ಪಳ ಮಾಡತೈತ್ರಿ.”

“ಏನ್ ಸಪ್ಪಳ?”

“ಸಣ್ಣಂದ ಐತ್ರಿ, ಚಿಟ್ ಅಂತ. ಅವರಿಗೂ ಕೇಳಸ್ತಿರಬೇಕ್ರಿ. ನಾವು ಬೆರಳಿಂದ ಅನ್ಕೊಂಡೀವಿ. ಮಿದುಳು ಕಿವೀಲೆ ಕೇಳಿ ಜವಾಬು ಕೊಟ್ರ?”

ನನಗೆ ಏನೂ ಕೇಳಿಸಲಿಲ್ಲ. ಆರು ತಿಂಗಳಿಂದ ಅದರ ಪಕ್ಕದಲ್ಲೇ ಕೂತವಳು ನಾನು. ಕಿವಿಯ ಪ್ರಯೋಗಕ್ಕೆ ಹಾಕುವ ಹೆಡ್‌ಫೋನನ್ನು ‘ಮುಟ್ಟೋದಕ್ಕೆ ಕಿವಿ ಯಾಕೆ, ಸೆಖೆ ಬೇರೆ’ ಅಂತ ತೆಗೆಸಿದವಳೂ ನಾನೇ.

“ನಂಗೇನೂ ಕೇಳಿಸ್ತಿಲ್ಲ. ನಿನ್ ಕೆಲಸ ನೀನ್ ನೋಡ್ಕೋ” ಅಂದೆ. ಅವಳು “ಆತ್ರಿ” ಅಂದು ಹೋದಳು.

ನನಗೆ ರಾತ್ರಿ ಊಟ ಸೇರಲಿಲ್ಲ. ನನ್ನ ಪ್ರಯೋಗಕ್ಕೇ ಬಾಯಿ ಹಾಕಿದಳಲ್ಲ, ಇವಳದೇನಾದರೂ ಸಿಕ್ಕರೆ ಬಿಡುವುದಿಲ್ಲ ಅಂದುಕೊಂಡೆ. ಆಗ ನೆನಪಾಯಿತು. ಸೇರಿದ ಹೊಸದರಲ್ಲಿ ಆರೋಗ್ಯವಂತರ ಗುಂಪಿಗೆ ಅಂತ ಅವಳನ್ನೂ ಕೂರಿಸಿ ಟಿಕ್ ಟಿಕ್ ಕೇಳಿಸಿದ್ದೆ. ಆ ಫೈಲು ಇತ್ತು. ಶನಿವಾರ ಮಧ್ಯಾಹ್ನ ಎಲ್ಲ ಹೋದ ಮೇಲೆ ತೆಗೆದೆ.

ಎರಡು ಉಬ್ಬು. ಎರಡೂ ಒಂದೇ ಎತ್ತರ. ನೂರು ಸಲ ಕೇಳಿಸಿದ ಮೇಲೂ ಎರಡನೆಯ ಟಿಕ್ಕಿಗೆ ಅವಳ ಮಿದುಳು ಮೊದಲನೆಯದಕ್ಕೆ ಎದ್ದಷ್ಟೇ ಎದ್ದಿತ್ತು. ಪಕ್ಕದಲ್ಲೇ ನನ್ನದೂ ಇತ್ತು. ಮೊದಲನೆಯದು ಗುಡ್ಡ, ಎರಡನೆಯದು ಇರುವೆಗೂಡು. ಪಾಠದ ಪುಸ್ತಕದ ಚಿತ್ರದ ಹಾಗೆ.

ಹೇಳಿಬಿಡುತ್ತೇನೆ, ನನಗೆ ಖುಷಿಯಾಯಿತು. ಈ ಹಾಳೆಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು, ‘ಇವಳದು ಕಾಯಿಲೆಯವರ ಥರ ಇದೆಯಲ್ಲ ಮೇಡಂ, ಕಾಯಂ ಮಾಡೋ ಮುಂಚೆ ಯೋಚನೆ ಮಾಡಿ’ ಅನ್ನಬೇಕು. ಮೊದಲ ದಿನ ಕಲಿತ ಪಾಠ, ಎಂ.ಎಸ್ಸಿ., ಎಲ್ಲ ಗಾಳಿಗೆ ಹೋಯಿತು. ಹಾಳೆ ಮಡಚಿ ಬಾಗಿಲವರೆಗೂ ಹೋದೆ.

ಬಾಗಿಲಲ್ಲಿ ಕಾಲು ನಿಂತಿತು. ಒಳ್ಳೆಯತನ ಬಂದು ನಿಲ್ಲಿಸಿತು ಅಂದುಕೊಳ್ಳಬೇಡಿ. ಭಯ ಬಂತು. ಇವಳ ಮಿದುಳು ಇಷ್ಟು ಕೇಳಿಸಿಕೊಳ್ಳುತ್ತದೆ ಅನ್ನುವುದು ನಿಜವಾದರೆ, ಆ ಚಿಟ್ ಸದ್ದೂ ನಿಜ ಇರಬೇಕಲ್ಲ.

ವಾಪಸು ಬಂದೆ. ಕನ್ನಡಿ ಇಟ್ಟುಕೊಂಡು ನನ್ನ ನೆತ್ತಿಗೆ ನಾನೇ ಬಟ್ಟಲು ಅಂಟಿಸಿಕೊಂಡೆ. ಟ್ಯಾಪರನ್ನು ಬೆರಳಿಗೆ ತಾಗದ ಹಾಗೆ, ಒಂದು ಗೇಣು ದೂರ ಮೇಜಿನ ಮೇಲೆ ಇಟ್ಟು ಓಡಿಸಿದೆ. ಯಾರೂ ನನ್ನನ್ನು ಮುಟ್ಟುತ್ತಿಲ್ಲ. ಅಲೆ ಬರಬಾರದು. ಕಾಲು ಗಂಟೆಯ ನಂತರ ನೋಡಿದರೆ ಅಲೆ ಬಂದಿತ್ತು. ನನ್ನ ಗಮನಕ್ಕೆ ಬಾರದ ಸದ್ದನ್ನು ನನ್ನ ಮಿದುಳು ಕೇಳಿಸಿಕೊಂಡಿತ್ತು. ನನ್ನ ಆರು ತಿಂಗಳ ‘ಸ್ಪರ್ಶ’ದಲ್ಲಿ ಎಷ್ಟು ಬೆರಳಿನದು, ಎಷ್ಟು ಕಿವಿಯದು ಅಂತ ಬ್ರಹ್ಮನೂ ಬಿಡಿಸಿ ಹೇಳಲಾರ. ಎಲ್ಲವೂ ಕಸ.

ಆ ಭಾನುವಾರ ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗಿದ್ದೆ. ಮೇಲೆ ರೊಟ್ಟಿ ತಟ್ಟುವ ಸದ್ದು. ಮುಚ್ಚಿಟ್ಟರೆ ಅವಳು ಹೇಳುತ್ತಾಳೆ. ಅವಳು ಹೇಳಿದರೆ ಕೆಲಸ ಅವಳದು. ಸೋಮವಾರ ಡಾಕ್ಟರಮ್ಮ ಬರುವುದಕ್ಕೇ ಕಾದು, ಅವರ ಕೋಣೆಗೆ ನುಗ್ಗಿದೆ.

“ಮೇಡಂ, ಟ್ಯಾಪರ್ ಸದ್ದು ಮಾಡತ್ತೆ ಅಂತ ನನಗೆ ಅನುಮಾನ ಬಂತು. ದೂರ ಇಟ್ಟು ಚೆಕ್ ಮಾಡಿದೆ. ಅಲೆ ಬರ್ತಿದೆ. ಆರು ತಿಂಗಳ ಡೇಟಾ ಬಿಸಾಕಬೇಕು.”

‘ನನಗೆ ಅನುಮಾನ ಬಂತು.’ ಆ ಮೂರು ಪದ ನಾನು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದದ್ದು.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವಳನ್ನೂ ಕರೆದರು. ಅವಳು ಮುಷ್ಟಿಯಲ್ಲಿ ಬಟ್ಟಲುಗಳನ್ನು ಬೆಚ್ಚಗೆ ಹಿಡಿದುಕೊಂಡೇ ಬಂದಳು.

“ಕೇಳಿದ್ಯಾ? ಟ್ಯಾಪರ್ ಸದ್ದು ಮಾಡತ್ತಂತೆ. ಇವಳು ಕಂಡುಹಿಡಿದಳು.”

ಅವಳು ನನ್ನ ಕಡೆ ನೋಡಲಿಲ್ಲ. “ಹೌದ್ರಿ ಮೇಡಂ. ಅಕ್ಕಾರ ಕಿವಿ ಭಾಳ ಚುರುಕ ಐತ್ರಿ” ಅಂದಳು.

ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಅಂತ ಎಷ್ಟು ವರ್ಷ ಕೆದಕಿದ್ದೇನೆ. ಇದ್ದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಮುಂದೆ ಹೆಡ್‌ಫೋನು ವಾಪಸು ಬಂತು. ಸ್ಟೇಷನ್ ಸಿಗದ ರೇಡಿಯೊದ ಹಾಗೆ ಒಂದು ಸುಯ್ ಶಬ್ದ ಕಿವಿಗೆ ತುಂಬಿಸಿ, ಟ್ಯಾಪರ್ ಸದ್ದು ಕೇಳದಂತೆ ಮಾಡಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ತಿಂಗಳೊಳಗೆ ಕಾಯಂ ಕಾಗದ ನನ್ನ ಹೆಸರಿಗೆ ಬಂತು. ತನ್ನ ಆರು ತಿಂಗಳ ಕೆಲಸವನ್ನು ತಾನೇ ಬಿಸಾಕುವ ಪ್ರಾಮಾಣಿಕತೆ ಅಂತ ಅದರಲ್ಲಿ ಒಂದು ಸಾಲು ಇತ್ತು. ಅಪ್ಪ ಓದಿಸಿ ಕೇಳಿ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮೇಲಿನ ರೂಮಿಗೂ ಕೊಟ್ಟು ಬಂದರು.

ಅವಳು ಹುಬ್ಬಳ್ಳಿಯ ಕಡೆ ಯಾವುದೋ ಆಸ್ಪತ್ರೆಗೆ ಹೋದಳು. ಹೋಗುವ ದಿನ ಅಮ್ಮ ಗೇಟಿನ ಹತ್ತಿರ ನಿಂತು ಅತ್ತಳು. ನನ್ನ ಮದುವೆಯ ದಿನವೂ ಅಷ್ಟು ಅಳಲಿಲ್ಲ. ಇವಳು ನನ್ನ ಕೈ ಹಿಡಿದು, “ತಣ್ಣಗ ಹಚ್ಚಬ್ಯಾಡ್ರಿ ಅಕ್ಕಾರ, ಅಷ್ಟ” ಅಂದಳು.

ಅಂದಿನಿಂದ ನಾನೂ ಬಟ್ಟಲುಗಳನ್ನು ಮುಷ್ಟಿಯಲ್ಲಿ ಹಿಡಿಯುತ್ತೇನೆ. ಕಲಿಯಲು ಬರುವ ಹುಡುಗಿಯರು ಅದಕ್ಕೆ ನನ್ನ ಹೆಸರಿಟ್ಟು, ‘ಮೇಡಂ ಸ್ಟೈಲು’ ಅನ್ನುತ್ತಾರೆ. ಅಲ್ಲ ಅಂತ ಒಬ್ಬರಿಗೂ ಹೇಳಿಲ್ಲ.

ಹೋದ ತಿಂಗಳು ಡಾಕ್ಟರಮ್ಮನ ಬೀಳ್ಕೊಡುಗೆ ಆಯಿತು. ಶಾಲು, ಹಾರ, ಕೇಸರಿಬಾತು ಎಲ್ಲ ಮುಗಿದ ಮೇಲೆ ಅವರ ಬೀರು ಖಾಲಿ ಮಾಡಲು ನಾನು ಉಳಿದೆ. ಹಳೆಯ ಫೈಲುಗಳನ್ನು ಕಟ್ಟುತ್ತಾ ಅವರೇ ಮಾತು ತೆಗೆದರು.

“ಆ ಟ್ಯಾಪರ್ ವಿಷಯ ನೆನಪಿದ್ಯಾ? ನೀನು ಸೋಮವಾರ ಬಂದು ಹೇಳ್ದೆ. ಅವಳು ಶುಕ್ರವಾರಾನೇ ಹೇಳಿದ್ದಳು.”

ನನ್ನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು.

“‘ಅಕ್ಕಾರಿಗೆ ಹೇಳೀನ್ರಿ, ಅವರ ನೋಡಿ ನಿಮಗ ಹೇಳ್ತಾರ, ನೀವ ಮೊದಲ ಕೇಳಬ್ಯಾಡ್ರಿ’ ಅಂದ್ಲು. ಕಾಯಂಗೆ ನಾನು ಮೊದಲು ಬರೆದಿದ್ದೂ ಅವಳ ಹೆಸರೇ. ಅವಳೇ ಕೂತು ಅದನ್ನ ಹೊಡೆದು ಹಾಕಿಸಿದ್ಲು. ‘ನಾ ಇವತ್ತಲ್ಲ ನಾಳೆ ಊರಿಗೆ ಹೋಗಾಕಿ, ಅಕ್ಕಾರಿಗೆ ಇದು ತಪ್ಪಿದ್ರ ಮನಿಯಾಗ ಕೂಡಸ್ತಾರ್ರಿ’ ಅಂತ.”

ಅಪ್ಪ ಹೇಳಿದ್ದು ಹಿತ್ತಲಲ್ಲಿ. ಮೆಲ್ಲಗೆ. ಮೇಲಿನ ರೂಮಿನವರೆಗೂ ಹೋಗಿತ್ತು ಅದು.

“ಗೊತ್ತಿದ್ದೂ ಪ್ರಾಮಾಣಿಕತೆ ಅಂತ ಬರೆದ್ರಲ್ಲ ಮೇಡಂ” ಅಂದೆ.

“ತಪ್ಪು ಒಪ್ಕೊಂಡೆಯಲ್ಲ, ಅರ್ಧ ನಿಜಾನೇ. ಇನ್ನರ್ಧ ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂಬತ್ತು ವರ್ಷ ಕಾದೆ ಕಣೆ. ಇವತ್ತು ನನ್ ಕೆಲಸ ಮುಗೀತು, ಇನ್ನು ಕಾಯಕ್ಕಾಗಲ್ಲ.”

ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಅಲ್ಲ. ಹೊಟ್ಟೆಕಿಚ್ಚು. ನಾನು ಕದ್ದೆ ಅಂದುಕೊಂಡಿದ್ದನ್ನೂ ಅವಳೇ ಕೊಟ್ಟಿದ್ದಳಲ್ಲ, ಕಳ್ಳತನವನ್ನೂ ನನ್ನದಾಗಿ ಇಟ್ಟುಕೊಳ್ಳಲು ಬಿಡಲಿಲ್ಲವಲ್ಲ ಅಂತ. ನಾಚಿಕೆ ಆಮೇಲೆ ಬಂತು, ಬಸ್ಸಿನಲ್ಲಿ.

ಅಮ್ಮನ ಹತ್ತಿರ ಅವಳ ನಂಬರು ಇತ್ತು. ವರ್ಷವೂ ಯುಗಾದಿಗೆ ಮಾತಾಡುತ್ತಾರಂತೆ, ನನಗೆ ಹೇಳಿರಲಿಲ್ಲ. ಫೋನು ಮಾಡಿದೆ. ಆ ಕಡೆ ಮಕ್ಕಳ ಗಲಾಟೆ, ಅದರ ಹಿಂದೆ ತಟ್ ತಟ್. ‘ಹಲೋ’ ಅಂದದ್ದಕ್ಕೇ ಗುರುತು ಹಿಡಿದಳು.

“ಅಕ್ಕಾರ, ಅವ್ವಾರು ಹ್ಯಾಂಗದಾರ್ರಿ? ಮೊಣಕಾಲ ನೋವು ಕಡಿಮಿ ಆತೇನ್ರಿ?”

“ಆ ಟ್ಯಾಪರ್ ಸದ್ದು ಕೇಳಿಸಿದ್ದು ನಿನಗೆ” ಅಂದೆ. “ನಾನು ಯಾರಿಗೂ ಹೇಳಲೇ ಇಲ್ಲ.”

ರೊಟ್ಟಿಯ ಸದ್ದು ನಿಂತಿತು. ಅವಳು ಬೆರಳೆತ್ತಿ ನಿಂತಿರಬೇಕು ಅನ್ನಿಸಿತು.

“ಹೌದೇನ್ರಿ? ಯಾವಾಗಿಂದ್ರಿ ಅದು? ನಾ ಮರತ ಬಿಟ್ಟೀನ್ರಿ” ಅಂದಳು.

ಕೇಳಿಸಿಕೊಳ್ಳುವುದು ಬೇರೆ, ನೆನಪಿಟ್ಟುಕೊಳ್ಳುವುದು ಬೇರೆ, ಒಂದನ್ನು ನೋಡಿ ಇನ್ನೊಂದನ್ನು ಹೇಳಬಾರದು ಅಂತ ಡಾಕ್ಟರಮ್ಮ ಕಲಿಸಿದ್ದಾರೆ. ಇರಲಿ. ಅವಳ ಎರಡು ಉಬ್ಬುಗಳನ್ನು ನೋಡಿದವಳು ನಾನು, ಅಮ್ಮನ ಮೊಣಕಾಲು ನೆನಪಿದ್ದವಳಿಗೆ ಅದು ಮರೆತಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಡಾಕ್ಟರಮ್ಮನ ಬಗ್ಗೆ ಕೇಳಿದ ನಾಲ್ಕು ಪುಟದಲ್ಲಿ ಇದನ್ನು ಬರೆದು ಕಳಿಸುತ್ತಿದ್ದೇನೆ. ಸಂಚಿಕೆಯವರು ಬೇರೆ ಏನು ಬೇಕಾದರೂ ಕತ್ತರಿಸಲಿ, ಒಂದು ಸಾಲು ಉಳಿಸಲಿ: ಟ್ಯಾಪರಿನ ಸದ್ದು ಕೇಳಿಸಿದ್ದು ನನಗಲ್ಲ, ಅವಳಿಗೆ.